ಎಡಗಡೆಯಿಂದ ಕರೆದವರು

ಸುರಪುರದ ಡಿಗ್ರಿ ಕಾಲೇಜಿನ ವಾಲಿಬಾಲ್ ತಂಡದಲ್ಲಿ ಯಾರಾದರೂ ‘ಕಾಕಾ’ ಎಂದು ಕೂಗಿದರೆ ಅಲ್ಲಿಗೆ ಯಾರ ಕಾಕನೂ ಬಂದಿರುವುದಿಲ್ಲ. ಚೆಂಡನ್ನು ಬಲೆಯ ಎಡತುದಿಗೆ, ಎತ್ತರಕ್ಕೆ ಎತ್ತಿಕೊಡು ಎಂದು ಅರ್ಥ. ‘ಅಳಿಯಾ’ ಎಂದರೆ ಗಿಡ್ಡ ಚೆಂಡು, ಬಲೆಯ ಮಗ್ಗುಲಿಗೇ, ರೆಪ್ಪೆ ಬಡಿಯುವುದರೊಳಗೆ. ‘ಮಾಮಾ’ ಎಂದರೆ ಬೆನ್ನ ಹಿಂದಕ್ಕೆ. ಈ ಬೀಗತನವನ್ನೆಲ್ಲ ಹುಟ್ಟಿಸಿದವನು ರಂಗಂಪೇಟೆಯ ಸಂಜುಕುಮಾರ. ಆಗ ಅವನು ಬಿ.ಎ. ಮೊದಲ ವರ್ಷದಲ್ಲಿದ್ದ, ತಂಡದ ಲಿಫ್ಟರ್ ಆಗಿದ್ದ.

ಲಿಫ್ಟರ್ ಎಂದರೆ ಹೊಡೆಯುವವನಲ್ಲ, ಹೊಡೆಯುವವರಿಗೆ ಚೆಂಡು ಎತ್ತಿಕೊಡುವವನು. ಚಪ್ಪಾಳೆ ಹೊಡೆದವನಿಗೆ, ಬೈಗುಳ ಇವನಿಗೆ. ಆದರೆ ಪ್ರತಿ ಚೆಂಡೂ ಒಂದು ಸಲ ಇವನ ಬೆರಳ ತುದಿಗೆ ಬಂದೇ ಹೋಗಬೇಕು. ಯಾರು ಹೊಡೆಯಬೇಕು, ಎಲ್ಲಿಂದ ಹೊಡೆಯಬೇಕು ಎಂಬುದು ಆ ಅರೆಗಳಿಗೆಯಲ್ಲಿ ಇವನ ಕೈಯಲ್ಲಿರುತ್ತದೆ. ಸಂಜುವಿನ ಕಣ್ಣು ಚೆಂಡಿನ ಮೇಲೆ, ಕಿವಿ ಹುಡುಗರ ಮೇಲೆ. ಹುಡುಗರು ಓಡಿ ಬರುತ್ತ ಕೂಗುವರು, ಇವನು ಕೇಳಿಸಿಕೊಂಡು ಕೊಡುವನು. ಆಟ ನೋಡಲು ಬಂದ ಜನ ಚೆಂಡಿಗಿಂತ ಈ ಕೂಗಿಗೇ ಹೆಚ್ಚು ನಗುತ್ತಿದ್ದರು. ಎದುರು ತಂಡದವರು, “ಏನ್ರಲೇ, ಆಟಕ್ಕ ಬಂದೀರೇನು ಸೋಬಾನ ಪದಕ್ಕ ಬಂದೀರಿ?” ಎಂದು ಹಂಗಿಸುತ್ತಿದ್ದರು.

ಎರಡನೆಯ ವರ್ಷ ಮುಗಿದ ಕೂಡಲೇ ಸಂಜು ಅಗ್ನಿವೀರನಾಗಿ ಸೈನ್ಯಕ್ಕೆ ಹೋದ. ನಾಲ್ಕು ವರ್ಷ. ಗಡಿಯಲ್ಲಿ ಶೆಲ್ಲುಗಳು ಹಾರಾಡಿದ ಆ ಮೇ ತಿಂಗಳು ಅದರೊಳಗೇ ಬಂದು ಹೋಯಿತು. ಅವನು ಹಿಂದಿರುಗಿದ ದಿನ ಕಾಲೇಜಿನವರು ಬಸ್ ನಿಲ್ದಾಣದಿಂದಲೇ ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡಿದರು. ಡಿಜೆ, ಗುಲಾಲು, ಕೊರಳು ಮುಚ್ಚುವಷ್ಟು ಹಾರ. ದೈಹಿಕ ಶಿಕ್ಷಣದ ಫಕ್ರುದ್ದೀನ ಸರ್ ಜೀಪಿನ ಬಾನೆಟ್ಟಿನ ಮೇಲೆಯೇ ಹತ್ತಿ ನಿಂತು, “ನಮ್ಮ ಹುಡುಗ ದೇಶದ ಲಡಾಯಿ ಮುಗಿಸ್ಯಾನ, ಇನ್ನ ನಮ್ಮ ಲಡಾಯಿ ಗೆಲ್ಲಸ್ತಾನ! ಮೂರನೇ ವರ್ಷಕ್ಕ ಅಡ್ಮಿಷನ್ನೂ ಅವನದ, ಕ್ಯಾಪ್ಟನ್‌ಗಿರಿನೂ ಅವನದ!” ಎಂದು ಘೋಷಿಸಿಬಿಟ್ಟರು. ಯಾರನ್ನೂ ಕೇಳಲಿಲ್ಲ. ಫೌಜಿನಿಂದ ಬಂದವನಿಗೆ ಒಂದು ಜಾಗ ಕೊಡಲು ಯಾರನ್ನು ಏನು ಕೇಳುವುದು? ಅಲ್ಲಿಯವರೆಗೆ ಲಿಫ್ಟರ್ ಆಗಿದ್ದ ಭೀಮು ಎಂಬ ಹುಡುಗ ಮಾರನೆಯ ದಿನ ಮೈದಾನಕ್ಕೆ ಬಂದವನೇ ಚೀಲದಿಂದ ತನ್ನ ಆಟದ ಅಂಗಿ ತೆಗೆದು ಸಂಜುವಿನ ಕೈಗೆ ಕೊಟ್ಟ.

“ತೊಗೋರಿ ಅಣ್ಣಾ. ಒಗದು ತಂದೀನಿ,” ಎಂದ. ಅವನ ಮುಖದಲ್ಲಿ ನಗುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ.

ಸಂಜು ಅದನ್ನು ತೊಟ್ಟುಕೊಂಡ. ತೊಡಬಾರದಿತ್ತು ಎಂದು ಅವನಿಗೆ ಆಗಲೇ ಗೊತ್ತಿತ್ತು.

ಅವನ ಎಡಗಿವಿ ಸತ್ತುಹೋಗಿತ್ತು.

ಅದರಲ್ಲಿ ಹೇಳಿಕೊಳ್ಳುವಂಥ ಶೌರ್ಯವೇನೂ ಇರಲಿಲ್ಲ. ನೀರಿನ ಡಬ್ಬಿ ಹೊತ್ತು ಬಂಕರಿನ ಕಡೆಗೆ ಇಳಿಯುತ್ತಿದ್ದ, ಕಲ್ಲುಗೋಡೆಯ ಆಚೆ ಶೆಲ್ ಬಿತ್ತು. ರಕ್ತ ಬರಲಿಲ್ಲ, ಗೀರೂ ಆಗಲಿಲ್ಲ. ಕಿವಿಯೊಳಗೆ ಕುಕ್ಕರಿನ ಸೀಟಿಯಂಥ ಸದ್ದು ಮಾತ್ರ ಉಳಿಯಿತು. ಜೊತೆಗಿದ್ದ ಗಡ್ವಾಲಿ ಹುಡುಗನ ತೊಡೆ ಹರಿದಿತ್ತು, ಇದ್ದದ್ದು ಒಂದೇ ಸ್ಟ್ರೆಚರ್. ಕೇಳಿದವರಿಗೆ ಸಂಜು, ನನಗೇನೂ ಆಗಿಲ್ಲ ಎಂದ. ಕೆಲವು ದಿನಗಳಾದ ಮೇಲೆ ಸೀಟಿ ನಿಂತಿತು. ಅದರ ಹಿಂದೆಯೇ ಆ ಕಡೆಯ ಲೋಕವೆಲ್ಲ ನಿಂತುಹೋಯಿತು. ಆಮೇಲೆ ಯಾರು ಯಾವಾಗ ಕೇಳಿದರೂ ಅವನು ಅದೇ ಉತ್ತರ ಕೊಟ್ಟ. ಒಮ್ಮೆ ಹೇಳಿದ್ದನ್ನು ಮತ್ತೆ ಮತ್ತೆ ಹೇಳುವುದು ಸುಲಭ.

ಹೇಳದೆ ಇರಲು ಇನ್ನೊಂದು ಕಾರಣವಿತ್ತು. ಆ ಶೆಲ್ಲಿನ ದಿನಗಳಲ್ಲಿ ಬಂಕರಿನ ಗೋಡೆಗೆ ಒರಗಿ ಕುಳಿತಾಗ ಬೇರೆಯವರು ದೇವರನ್ನು ನೆನೆಯುತ್ತಿದ್ದರೆ ಇವನು ಸುರಪುರದ ಮೈದಾನದಲ್ಲಿ ಆರು ಜನರನ್ನು ನಿಲ್ಲಿಸಿಕೊಳ್ಳುತ್ತಿದ್ದ. ಹಿಂದಿನಿಂದ ಚೆಂಡು ಬರುತ್ತದೆ, ಯಾರೋ ಕಾಕಾ ಎನ್ನುತ್ತಾರೆ, ಎತ್ತಿಕೊಡುತ್ತಾನೆ. ಮತ್ತೆ ಬರುತ್ತದೆ, ಅಳಿಯಾ, ಎತ್ತಿಕೊಡುತ್ತಾನೆ. ಹಾಗೆ ಒಂದು ಸೆಟ್ಟು ಮುಗಿಯುವುದರೊಳಗೆ ಹೊರಗೆ ಸದ್ದು ನಿಂತಿರುತ್ತಿತ್ತು. ಬದುಕಿ ಊರಿಗೆ ಹೋದರೆ ಆ ಜಾಗದಲ್ಲಿ ಹೋಗಿ ನಿಲ್ಲಬೇಕು ಎಂಬುದೊಂದೇ ಅವನ ಹರಕೆ. ಆ ಜಾಗ ಹೋದರೆ ತಾನು ಯಾರು? ಮಾಜಿ ಸೈನಿಕ ಎನ್ನಬಹುದಿತ್ತು. ಇಪ್ಪತ್ಮೂರು ವರ್ಷದವನಿಗೆ ಅದೆಂಥ ಪದವಿ.

ವಾಲಿಬಾಲ್ ಮೈದಾನ ಕಂಡವರಿಗೆ ಅವನ ಫಜೀತಿ ತಿಳಿಯುತ್ತದೆ. ಲಿಫ್ಟರ್ ಬಲೆಗೆ ಬಲಭುಜ ಕೊಟ್ಟು ನಿಲ್ಲುತ್ತಾನೆ. ಅವನ ಬಲಗಿವಿ ಇರುವುದು ಎದುರು ತಂಡದ ಕಡೆಗೆ, ಎಡಗಿವಿ ತನ್ನವರ ಕಡೆಗೆ. ಎದುರಿನವರು ತಮ್ಮೊಳಗೆ ಪಿಸುಗುಟ್ಟಿದ್ದೂ ಸಂಜುವಿಗೆ ಕೇಳುತ್ತಿತ್ತು. ತನ್ನ ಹುಡುಗರು ಗಂಟಲು ಹರಿದುಕೊಂಡದ್ದು ಕೇಳುತ್ತಿರಲಿಲ್ಲ.

ಮೊದಲ ಪಂದ್ಯ ಯಾದಗಿರಿಯ ಕಾಲೇಜಿನ ಮೇಲೆ. ಎಡತುದಿಯಿಂದ ಹೊಡೆಯುವ ದೇವಿಂದ್ರ ಎಂಬುವನು ತಂಡದ ಬಲಗೈ. ಅವನು ‘ಕಾಕಾ’ ಎಂದು ಕೂಗುತ್ತ ಹಾರಿದ. ಸಂಜುವಿಗೆ ಏನೂ ಕೇಳಲಿಲ್ಲ; ಚೆಂಡನ್ನು ಅಂದಾಜಿನ ಮೇಲೆ ಬೆನ್ನ ಹಿಂದಕ್ಕೆ ಎಸೆದ. ತಮಾಷೆ ಆದದ್ದು ಅಲ್ಲಿಯೇ. ಈ ಕಾಕಾ-ಅಳಿಯಂದಿರ ಗುಟ್ಟು ಇಷ್ಟು ವರ್ಷಗಳಲ್ಲಿ ಜಿಲ್ಲೆಗೆಲ್ಲ ಬಾಯಿಪಾಠವಾಗಿತ್ತು. ಯಾದಗಿರಿಯ ಮೂವರು ಹುಡುಗರು ಕೂಗು ಕೇಳಿ ದೇವಿಂದ್ರನ ಮುಂದೆ ಗೋಡೆಯ ಹಾಗೆ ಎದ್ದು ನಿಂತರು. ಅತ್ತ ಬಲತುದಿಯಲ್ಲಿದ್ದವನು ಚೆಂಡನ್ನು ಖಾಲಿ ಬಲೆಯ ಮೇಲಿಂದ ಹೊಡೆದು ಕೆಡವಿದ. ಮತ್ತೊಮ್ಮೆ ಹಾಗೆಯೇ. ಮಗದೊಮ್ಮೆ.

“ಫೌಜಿ ಪ್ಲಾನ್!” ಎಂದು ಫಕ್ರುದ್ದೀನ ಸರ್ ಕುಣಿದಾಡಿದರು. “ನೋಡ್ರಲೇ, ನೋಡಿ ಕಲೀರಿ! ಕೂಗಾಂವ ಒಬ್ಬ, ಚೆಂಡು ಇನ್ನೊಬ್ಬನಿಗಿ! ಬಾರ್ಡರಿನ್ಯಾಗ ಇದನ್ನ ಕಲಸ್ತಾರ!”

ಬೇರೊಬ್ಬ ಲಿಫ್ಟರ್ ಆಗಿದ್ದರೆ, ಕೂಗಿದವನಿಗೆ ಯಾಕೆ ಕೊಡಲಿಲ್ಲ ಎಂದು ನಾಲ್ಕು ಜನ ಮೈಮೇಲೆ ಬರುತ್ತಿದ್ದರು. ಫೌಜಿಯನ್ನು ಹಾಗೆ ಕೇಳುವವರಿರಲಿಲ್ಲ. ಅವನು ಮಾಡಿದ್ದಕ್ಕೆಲ್ಲ ಹಿಂದೊಂದು ಲೆಕ್ಕಾಚಾರವಿದೆ ಎಂದೇ ಊರು ನಂಬಿತು. ತಂಡ ಗೆಲ್ಲುತ್ತ ಹೋಯಿತು. ಸುರಪುರದ ಚಹಾದಂಗಡಿಗಳಲ್ಲಿ ಫೌಜಿ ಪ್ಲಾನಿನ ಮೇಲೆ ಭಾಷಣಗಳಾದವು. ಸಂಜು ಸುಮ್ಮನಿದ್ದ. ಮೊದಮೊದಲು ನಾಚಿಕೆಯಿಂದ ಸುಮ್ಮನಿದ್ದ. ಆಮೇಲೆ, ಹೇಳುವುದಾದರೆ ಹೇಳಿಬಿಡೋಣ, ಅವನಿಗೂ ಅದು ರುಚಿಸಿತ್ತು.

ರುಚಿಸದವನು ದೇವಿಂದ್ರ ಒಬ್ಬನೇ.

ದೇವಿಂದ್ರ ರಂಗಂಪೇಟೆಯವನೇ, ಸಂಜುವಿನ ಓಣಿಯಿಂದ ಎರಡು ಓಣಿ ಆಚೆ. ಸಂಜು ಸೈನ್ಯಕ್ಕೆ ಹೋಗುವ ಮೊದಲು ಸಂಜೆಯಾದರೆ ಅವನ ಮುಂದೆ ನಿಂತು, “ಅಣ್ಣಾ, ಒಂದ ಕಾಕಾ ಕೊಡ್ರೀ,” ಎಂದು ಕಾಡುತ್ತಿದ್ದ. ಹೊಡೆಯುವುದನ್ನು ಅವನಿಗೆ ಕಲಿಸಿದ್ದೇ ಸಂಜುವಿನ ಚೆಂಡುಗಳು. ಈಗ ಅವನದು ಕಾಲೇಜಿನ ಕೊನೆಯ ವರ್ಷ. ಶಹಾಪುರದಲ್ಲಿ ನಡೆಯುವ ವಲಯದ ಫೈನಲ್ಲಿಗೆ ವಿಶ್ವವಿದ್ಯಾಲಯದ ಆಯ್ಕೆಗಾರರು ಬರುತ್ತಾರೆ. ಅಲ್ಲಿ ಕಣ್ಣಿಗೆ ಬಿದ್ದರೆ ವಿಶ್ವವಿದ್ಯಾಲಯದ ತಂಡ, ಆಮೇಲೆ ಕ್ರೀಡಾ ಕೋಟಾದಲ್ಲಿ ಒಂದು ನೌಕರಿ. ಬೀಳದಿದ್ದರೆ ಮನೆಯ ಹತ್ತಿ ಹೊಲ. ಆದರೆ ಫೌಜಿ ಪ್ಲಾನಿನಲ್ಲಿ ದೇವಿಂದ್ರನ ಪಾತ್ರ ಬರೀ ಕೂಗಿ ಹಾರುವುದು. ಹೊಡೆಯುವವರು ಬೇರೆ.

ಒಂದು ಸಂಜೆ ಆಟ ಮುಗಿಸಿ ಚಮನಬೀಯ ಹೋಟೆಲಿನ ಬೆಂಚಿನ ಮೇಲೆ ಕುಳಿತಿದ್ದರು. ಸಂಜು ಎಲ್ಲಿಗೆ ಹೋದರೂ ಬೆಂಚಿನ ಎಡತುದಿ ಹಿಡಿಯುತ್ತಿದ್ದ, ಎಲ್ಲರೂ ಬಲಕ್ಕೆ ಬರಲೆಂದು. ಅವತ್ತು ತಡವಾಗಿ ಬಂದ ದೇವಿಂದ್ರ ಒಂದು ಸ್ಟೂಲು ಎಳೆದುಕೊಂಡು ಎಡಕ್ಕೇ ಕುಳಿತ. ಬಹಳ ಹೊತ್ತು ಕೆಳಗೆ ನೋಡುತ್ತ ತಗ್ಗಿದ ದನಿಯಲ್ಲಿ ಏನೋ ಹೇಳಿದ. ಸಂಜು ಎದುರಿನ ರಸ್ತೆ ನೋಡುತ್ತ ಚಹಾ ಕುಡಿದ. ಕೊನೆಗೆ ದೇವಿಂದ್ರ ಎದ್ದು ಎದುರಿಗೆ ಬಂದು ನಿಂತಾಗಲೇ ಅವನು ಅಲ್ಲಿದ್ದದ್ದು ಸಂಜುವಿಗೆ ತಿಳಿದದ್ದು.

“ಬಾಯಿ ಬಿಟ್ಟು ಹೇಳಾಕತ್ತೀನಿ, ಹೂಂ ಅನ್ನಾಕೂ ಆಗವಲ್ದೇನು ನಿನಗ?”

“ಏನಂದಿ?”

“ಏನಂದಿ ಅಂತ ಕೇಳತಾನ ನೋಡ್ರಿ!” ದೇವಿಂದ್ರ ಬೆಂಚಿನ ಮೇಲಿದ್ದವರ ಕಡೆ ಕೈ ಮಾಡಿ, ಮತ್ತೆ ಸಂಜುವಿನ ಕಡೆ ತಿರುಗಿದ. “ಮಿಲ್ಟ್ರಿ ಕ್ಯಾಂಟೀನಿನ ಸಬಕಾರ ಹಚ್ಚಿ ಹಚ್ಚಿ ಕಿವಿ ತುಂಬ್ಯಾವೇನು? ದೊಡ್ಡಾಂವ ಆಗಿ, ಆಗಪ್ಪ. ನಾವು ಕೈ ಮುಗೀತೀವಿ. ಆದ್ರ ನನ್ನ ಯಾಕ ಹಾಳ ಮಾಡಾಕತ್ತಿ? ನಾ ಏನ ಮಾಡೀನಿ ನಿನಗ?”

“ಹಂಗಲ್ಲೋ ದೇವಿಂದ್ರ, ಕೇಳಿಲ್ಲಿ...”

“ನೀ ಕೇಳಿದಿ ಏನು, ನಾ ಕೇಳಾಕ?”

ಚಹಾ ಪೂರ್ತಿ ಕುಡಿಯದೆ ಹೋಗಿಬಿಟ್ಟ. ಚಮನಬೀ ಒಲೆಯ ಹಿಂದಿನಿಂದ, “ಹೋಗಲಿ ಬಿಡೋ ಫೌಜಿ, ಬಿಸಿರಕ್ತ,” ಎಂದು ಸಮಾಧಾನ ಹೇಳಿದಳು. ಮೂಲೆಯಲ್ಲಿ ಕುಳಿತಿದ್ದ ಭೀಮು ಮಾತ್ರ ತನ್ನ ಕಪ್ಪಿನ ಅಂಚಿನ ಮೇಲಿಂದ ಸಂಜುವಿನ ಎಡಗಿವಿಯನ್ನು ನೋಡುತ್ತಿದ್ದ. ಇವನು ತಿರುಗಿದ ಕೂಡಲೇ ಕಣ್ಣು ತಪ್ಪಿಸಿದ.

ಅಂದಿನಿಂದ ಸಂಜುವಿಗೆ ಭೀಮುವಿನ ಭಯ ಶುರುವಾಯಿತು. ಈ ಹುಡುಗನಿಗೆ ಗೊತ್ತಾಗಿದೆ, ಸರಿಯಾದ ಹೊತ್ತಿಗೆ ಹೋಗಿ ಫಕ್ರುದ್ದೀನ ಸರ್‌ಗೆ ಹೇಳುತ್ತಾನೆ, ಒಗೆದು ಕೊಟ್ಟ ಅಂಗಿ ವಾಪಸು ಕೇಳುತ್ತಾನೆ. ಒಂದು ವಾರ ಕಾದ, ಎರಡು ವಾರ ಕಾದ. ಭೀಮು ಏನೂ ಹೇಳಲಿಲ್ಲ. ಬದಲಿಗೆ ಅಭ್ಯಾಸದ ಹೊತ್ತಿನಲ್ಲಿ ಹೊರಗಿನಿಂದ ಏನಾದರೂ ಹೇಳಬೇಕಾದರೆ ಸುತ್ತುಹಾಕಿ ಬಲಗಡೆಗೆ ಬಂದು ಹೇಳತೊಡಗಿದ. ಅದನ್ನು ಕಂಡು ಸಂಜುವಿಗೆ ಇನ್ನೂ ಹೆಚ್ಚು ಭಯವಾಯಿತು.

ಮನೆಯಲ್ಲಿ ತಾಯಿ ರೇಣಮ್ಮನದು ಬೇರೆಯೇ ದೂರು. ಅವಳು ಮುಂಜಾನೆ ಮೆಣಸಿನಕಾಯಿ ಬಿಡಿಸುವ ಕೂಲಿಗೆ ಹೋದರೆ ಹೊತ್ತು ಮುಳುಗಿದ ಮೇಲೆ ಬರುವವಳು; ಒಲೆಯ ಮುಂದೆ ಕೂತಾಗಲೇ ನಾಲ್ಕು ಮಾತಿಗೆ ಬಿಡುವು. “ನಿಮ್ಮಪ್ಪ ದೋರನಹಳ್ಳಿ ಕಡಿ ಕುರಿ ತರುಬ್ಯಾನಂತ. ಫೋನ್ ಮಾಡಿದ್ದ. ನಿಮ್ಮ ಫೈನಲ್ಲು ಎಂದು ಅಂತ ಕೇಳಿದ,” ಎಂದು ಒಮ್ಮೆ ಹೇಳಿದಳು. ಮಗ ಸುಮ್ಮನೆ ರೊಟ್ಟಿ ಮುರಿಯುತ್ತಿದ್ದ. “ನೋಡವ್ವಾ, ದೊಡ್ಡ ಮನಶ್ಯಾಗ ಇಂಥ ಮಾತು ಕಿವಿಗಿ ಬೀಳಂಗಿಲ್ಲ,” ಎಂದು ಗೋಡೆಗೆ ಹೇಳಿ ಎದ್ದುಹೋದಳು.

ತಂದೆ ಮಾನಪ್ಪ ಕುರಿಗಾರ. ಭತ್ತದ ಕೊಯ್ಲಾದ ಮೇಲೆ ಕಾಲುವೆಯ ಕೆಳಗಿನ ಗದ್ದೆಗಳಲ್ಲಿ ಹಿಂಡು ನಿಲ್ಲಿಸುತ್ತಾನೆ. ಕುರಿಯ ಗೊಬ್ಬರ ಗದ್ದೆಗೆ, ಗದ್ದೆಯವನ ಕಾಳು ಇವನಿಗೆ. ಹೀಗೆ ಗದ್ದೆಯಿಂದ ಗದ್ದೆಗೆ ಹೋಗುವವನು ಮನೆಗೆ ಬರುವುದೇ ಅಪರೂಪ. ಮಗನ ಮೆರವಣಿಗೆಯ ದಿನವೂ ಅವನು ಇರಲಿಲ್ಲ, ಕುರಿ ಈಯುತ್ತಿದ್ದವು. ಆಮೇಲೊಮ್ಮೆ ಬಂದು, ಮಗನ ಬೆನ್ನು ತಟ್ಟಿ, ಅವತ್ತೇ ತಿರುಗಿ ಹೋಗಿದ್ದ. ಆದರೆ ಅವನ ದನಿ ಮಾತ್ರ ಸಂಜುವಿನ ಬಾಲ್ಯದ ತುಂಬ ಇತ್ತು. ಮಾನಪ್ಪ ಕಾಲುವೆಯ ಈ ದಂಡೆಯಿಂದ ಕೂಗಿದರೆ ಆ ದಂಡೆಯ ಕುರಿ ತಲೆ ಎತ್ತುತ್ತಿತ್ತು.

ಫೈನಲ್ಲು ಶಹಾಪುರದಲ್ಲಿ ನಡೆಯಿತು. ಎದುರು ತಂಡ ಶಹಾಪುರದ್ದೇ, ಮೈದಾನ ಅವರದೇ, ಜನ ಅವರದೇ. ಹಲಗಿ, ಸೀಟಿ, ತಗಡಿನ ಡಬ್ಬಿ ಎಲ್ಲ ಒಟ್ಟಿಗೆ. ಒಂದೇ ಕಿವಿಯವನಿಗೆ ಇಂಥ ಗದ್ದಲ ಗಂಟು ಬಿದ್ದ ನೂಲಿನ ಹಾಗೆ. ಒಂದು ಎಳೆಯನ್ನು ಬೇರೆ ಮಾಡಿ ಎಳೆಯಲಾಗುವುದಿಲ್ಲ. ಆಯ್ಕೆಗಾರರು ಇಬ್ಬರು ಶಾಮಿಯಾನದ ಕೆಳಗೆ ಕಪ್ಪು ಕನ್ನಡಕ ಹಾಕಿಕೊಂಡು ಕುಳಿತಿದ್ದರು.

ಮೊದಲ ಸೆಟ್ಟು ಸುರಪುರಕ್ಕೆ ಬಂತು. ಎರಡನೆಯದರಲ್ಲಿ ಶಹಾಪುರದವರು ಫೌಜಿ ಪ್ಲಾನನ್ನು ಅರಗಿಸಿಕೊಂಡರು. ದೇವಿಂದ್ರ ಕೂಗಿದರೆ ಅವನ ಕಡೆ ಯಾರೂ ತಿರುಗಿ ಸಹ ನೋಡಲಿಲ್ಲ. ಕೂಗಿದವನಿಗೆ ಇವನು ಕೊಡುವುದಿಲ್ಲ ಎಂಬುದು ಈಗ ಅವರಿಗೆ ಬಾಯಿಪಾಠ. ದೇವಿಂದ್ರ ಖಾಲಿ ಬಲೆಯ ಮುಂದೆ ಒಬ್ಬನೇ ಹಾರಿ ಹಾರಿ ಇಳಿಯುತ್ತಿದ್ದ. ಅಂಥ ಚೆಂಡೊಂದು ಬಂದಿದ್ದರೆ ಒಂಟಿಗೈಯಲ್ಲಿ ಮುಗಿಸುತ್ತಿದ್ದ. ಬರಲಿಲ್ಲ. ಎರಡನೆಯ ಸೆಟ್ಟು ಹೋಯಿತು.

ಆ ಸೆಟ್ಟಿನ ಕೊನೆಗೆ, ಸರ್ವೀಸಿಗೆ ಕಾಯುತ್ತಿದ್ದಾಗ, ಸಂಜುವಿಗೆ ಯಾರೋ ಕರೆದಂತಾಯಿತು. ಎಲ್ಲಿಂದಲೋ ದೂರದಿಂದ, ಬಲಗಡೆಯಿಂದ. ಅವನು ಬಲಕ್ಕೆ ತಿರುಗಿ ನೋಡಿದ. ಎದುರು ತಂಡದವರು ಹಲ್ಲು ಕಿರಿಯುತ್ತಿದ್ದರು, ಅಷ್ಟೇ. ಮತ್ತೆ ಆಟದ ಕಡೆಗೆ ಮುಖ ಮಾಡಿದ.

ಬಿಡುವಿನಲ್ಲಿ ನೀರು ತಂದವನು ಭೀಮು. ಬಲಗಡೆಗೆ ಬಂದು, ಬಾಟಲಿ ಕೊಡುತ್ತ ತಗ್ಗಿದ ದನಿಯಲ್ಲಿ ಹೇಳಿದ.

“ಅಣ್ಣಾ, ನಿಮ್ಮಪ್ಪ ಬಂದಿದ್ರು.”

“ಎಲ್ಲಿ?”

“ಹೋದ್ರು. ಆ ಎಡಗಡಿ ಬೇವಿನ ಗಿಡದ ಬಲ್ಲಿ ನಿಂತಿದ್ರು, ಕಂಬಳಿ ಹೊತ್ಕೊಂಡು. ಎರಡು ಮೂರು ಸಲ ಕರದ್ರು. ನೀವು...” ಭೀಮು ನಿಲ್ಲಿಸಿದ. “ನೀವು ಕೇಳಿ ಆ ಕಡಿ ಮುಖ ತಿರುಗಿಸಿದಂಗ ಕಾಣ್ತು. ಮಗ್ಗಲ ನಿಂತ ಕಾಲೇಜ ಹುಡುಗರು ನಕ್ರು. ಆಮ್ಯಾಲ ಕಂಬಳಿ ತಲಿ ಮ್ಯಾಲ ಹಾಕ್ಕೊಂಡು ಹೊಂಟ ಹೋದ್ರು.”

ಬಾಟಲಿಯ ನೀರು ಸಂಜುವಿನ ಅಂಗಿಯ ಮೇಲೆ ಸುರಿಯುತ್ತಿತ್ತು. ಅಪ್ಪನಂಥ ದೊಡ್ಡ ದನಿಯಾದರೆ, ಸತ್ತ ಕಿವಿಯ ಕಡೆಯಿಂದ ಕರೆದರೂ ಸದ್ದು ಬದುಕಿದ ಕಿವಿಗೆ ಬಂದು ಸೇರುತ್ತದೆ, ಅದು ಬಲಗಡೆಯಿಂದಲೇ ಬಂದಂತೆ ಕೇಳುತ್ತದೆ. ಇದು ಅವನಿಗೆ ಗೊತ್ತಿತ್ತು. ಎಷ್ಟೋ ಸಲ ಹೀಗೆ ಮೋಸಹೋಗಿದ್ದ. ದೋರನಹಳ್ಳಿಯಿಂದ ಹಿಂಡು ಬಿಟ್ಟು ಬಂದ ಅಪ್ಪ ಕರೆದದ್ದನ್ನು ಕೇಳಿ, ಅಪ್ಪನಿಗೆ ಕಾಣುವ ಹಾಗೆಯೇ, ಮುಖ ಆಚೆ ತಿರುಗಿಸಿದ್ದ. ಕಂಬಳಿಯ ಅಪ್ಪನನ್ನು ಕಾಲೇಜಿನವರ ಮುಂದೆ ಕಂಡು ನಾಚಿಕೊಂಡ ಮಗನ ಹಾಗೆ.

“ನಿನಗ ಗೊತ್ತೈತಿ,” ಎಂದ ಭೀಮುವಿಗೆ.

“ಹೋಟೆಲ್ನ್ಯಾಗ ಗೊತ್ತಾತು.”

“ಮತ್ತ ಯಾಕ ಹೇಳ್ಲಿಲ್ಲ? ನನ್ನ ಜಾಗ ನಿನಗ ಸಿಗ್ತಿತ್ತಲ್ಲ?”

“ನಿನ್ನ ಜಾಗ ನನಗ ಬೇಕು, ಖರೆ,” ಎಂದ ಭೀಮು. ಮೊದಲ ಸಲ ಏಕವಚನಕ್ಕೆ ಇಳಿದಿದ್ದ. “ಆದ್ರ ಆಟದಾಗ ಕಸಗೋಬೇಕು ಅಂತಿದ್ದೆ. ಕಿವಿ ಸಲುವಾಗಿ ಬ್ಯಾಡ.”

ಫಕ್ರುದ್ದೀನ ಸರ್ ಎಲ್ಲರನ್ನೂ ವರ್ತುಲವಾಗಿ ನಿಲ್ಲಿಸಿ ಏನೋ ಹುರಿದುಂಬಿಸುತ್ತಿದ್ದರು. ಸಂಜು ನಡುವೆ ಹೋಗಿ ನಿಂತ. ಎದುರಿಗಿದ್ದ ದೇವಿಂದ್ರ ಮುಖ ಆಚೆ ಮಾಡಿಕೊಂಡಿದ್ದ. ಶಾಮಿಯಾನದ ಕೆಳಗಿನ ಕಪ್ಪು ಕನ್ನಡಕಗಳು ಇತ್ತಲೇ ನೋಡುತ್ತಿದ್ದವು. ಈಗ ಹೇಳಿದರೆ ಎಲ್ಲ ಮುಗಿಯಿತು ಎಂದು ಅವನಿಗೆ ಗೊತ್ತಿತ್ತು. ಇನ್ನೊಂದು ಸೆಟ್ಟು ತಡೆಯಬಹುದಿತ್ತು, ಅದೂ ಗೊತ್ತಿತ್ತು.

“ಸರ, ನನಗ ಎಡಗಿವಿ ಕೇಳ್ಸಂಗಿಲ್ರಿ,” ಎಂದ. “ಬಾರ್ಡರಿನ್ಯಾಗ ಹೋಗ್ಯಾದ. ಪ್ಲಾನು ಗೀನು ಏನೂ ಇಲ್ಲ. ಇವರು ಕೂಗೋದು ನನಗ ಒಂದೂ ಕೇಳಿಲ್ಲ. ಒಂದೂ.”

ಹಲಗಿ ಬಡಿಯುತ್ತಲೇ ಇತ್ತು. ಫಕ್ರುದ್ದೀನ ಸರ್ ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡರು.

“ಯಾ ಅಲ್ಲಾ! ಅರೇ, ನಾ ಫೌಜಿ ಪ್ಲಾನ್ ಫೌಜಿ ಪ್ಲಾನ್ ಅಂತ ಯಾದಗಿರಿ ತನಕ ಭಾಷಣ ಹೊಡದೀನಲ್ಲೋ ಮಾರಾಯಾ!”

ಯಾರಿಗೋ ನಗು ಬಂತು, ಅದು ಅಲ್ಲೇ ಸತ್ತಿತು. ದೇವಿಂದ್ರ ನಗಲಿಲ್ಲ. ಸಂಜುವಿನ ಹತ್ತಿರ ಬಂದು, ಅವನ ಮುಖವನ್ನೇ ನೋಡಿ, “ಅವತ್ತು ಹೋಟೆಲ್ನ್ಯಾಗೂ?” ಎಂದು ಕೇಳಿದ.

“ಅವತ್ತೂ.”

“ಥೂ ನಿನ್ನ...” ದೇವಿಂದ್ರನಿಗೆ ಬೈಗುಳ ಸಿಗಲಿಲ್ಲ. “ಮತ್ತ ನಾ ಏನೇನ ಅಂದ್ನೆಲ್ಲೋ ಅವತ್ತು ನಿನಗ. ಕಣ್ಣಾಗ ನೀರ ತಂದು ಹೇಳ್ಕೊಂಡಿದ್ದೆ.”

“ಇನ್ನೊಮ್ಮಿ ಹೇಳು. ಈ ಕಡಿ ಕೂತು ಹೇಳು. ಈಗ ಮೊದಲು ಆಟ.” ಸಂಜು ಅಂಗಿ ಕಳಚಿ ಭೀಮುವಿನ ಮುಂದೆ ಹಿಡಿದ. “ತೊಗೋ. ಒಗದಿಲ್ಲ, ನೋಡು. ಬೆವರೈತಿ.”

ಭೀಮು ಫಕ್ರುದ್ದೀನ ಸರ್ ಮುಖ ನೋಡಿದ. ಅವರು ತಲೆಯಾಡಿಸಿದರು. ಭೀಮು ಅದನ್ನು ತೊಟ್ಟು ತನ್ನದನ್ನು ಸಂಜುವಿಗೆ ಕೊಟ್ಟ, ಸರ್ ಅಂಪೈರಿಗೆ ಹೇಳಿ ಬಂದರು. ಸಂಜುವನ್ನು ಬೆಂಚಿಗೆ ಕಳಿಸಬಹುದಿತ್ತು; ಬದಲಿಗೆ ಮೈದಾನದ ಕಡೆ ಕೈ ತೋರಿಸಿ, “ಹಿಂದಿನ ಸಾಲಿಗಿ ಹೋಗು. ಬಲಮೂಲಿ. ಬಂದ ಚೆಂಡು ಎತ್ತು, ಸಾಕು,” ಎಂದರು.

ಬಲಮೂಲೆಯಿಂದ ಮೈದಾನ ಬೇರೆಯದೇ ಆಗಿತ್ತು. ಇಷ್ಟು ವರ್ಷ ಬೆನ್ನಿಗೋ ಪಕ್ಕಕ್ಕೋ ಇದ್ದವರೆಲ್ಲ ಈಗ ಕಣ್ಣೆದುರಿಗೆ. ಬೆರಳ ತುದಿಗೆ ಬರುತ್ತಿದ್ದ ಚೆಂಡು ಈಗ ಮುಂಗೈಗೆ ಬಂದು ಬಡಿಯುತ್ತಿತ್ತು, ಕೆಂಪಗಾಗುವಷ್ಟು. ಅವನು ಎತ್ತಿದ ಚೆಂಡು ಭೀಮುವಿನ ಕೈಗೆ ಹೋಗುತ್ತಿತ್ತು. ದೇವಿಂದ್ರ ‘ಕಾಕಾ’ ಎಂದು ಕೂಗುವುದು, ಭೀಮು ತಿರುಗದೆಯೇ ಅವನಿಗೆ ಕೊಡುವುದು, ದೇವಿಂದ್ರನ ಬೆನ್ನು ಬಿಲ್ಲಿನ ಹಾಗೆ ಬಾಗುವುದು, ಎಲ್ಲ ಕಂಡಿತು. ಶಹಾಪುರದವರು ದೇವಿಂದ್ರನನ್ನು ಮರೆತೇ ಬಿಟ್ಟಿದ್ದರಲ್ಲ, ಮೂರನೆಯ ಸೆಟ್ಟಿನಲ್ಲಿ ಅವನು ಹೊಡೆದದ್ದೆಲ್ಲ ನೆಲ ಕಚ್ಚಿತು. ನಾಲ್ಕನೆಯ ಸೆಟ್ಟಿಗೆ ಅವರು ಎಚ್ಚೆತ್ತರು. ಐದನೆಯದರಲ್ಲಿ ಸುರಪುರ ಸೋತಿತು. ಕೊನೆಯ ಚೆಂಡು ಸಂಜುವಿನ ಎಡಭುಜದ ಹಿಂದೆ ಬಿದ್ದದ್ದು. ಆ ಕಡೆಯಿಂದ ಯಾರೋ ‘ಬಿಡು’ ಎಂದರೋ ‘ಹಿಡಿ’ ಎಂದರೋ, ಅವನಿಗೆ ತಿಳಿಯಲಿಲ್ಲ.

ಆಯ್ಕೆಗಾರರು ಹೊರಡುವ ಮುನ್ನ ಫಕ್ರುದ್ದೀನ ಸರ್ ಅವರನ್ನು ಕರೆದು ಮಾತಾಡಿದರು. ದೇವಿಂದ್ರನನ್ನು ಆಯ್ಕೆ ಶಿಬಿರಕ್ಕೆ ಕಳಿಸಿ ಎಂದು ಅವರಲ್ಲೊಬ್ಬರು ಹೇಳಿದರಂತೆ. ಆ ಸಣ್ಣ ಲಿಫ್ಟರ್‌ನನ್ನು ಮುಂದಿನ ವರ್ಷ ನೋಡುತ್ತೇವೆ ಎಂದರಂತೆ. ಸಂಜುವಿನ ಬಗ್ಗೆ ಅವರು ಏನನ್ನೂ ಕೇಳಲಿಲ್ಲ, ಸರ್ ಏನನ್ನೂ ಹೇಳಲಿಲ್ಲ. ಬಂದು ಅವನ ಬಲಗಡೆಗೆ ನಿಂತು, ಹೆಗಲ ಮೇಲೆ ಕೈಯಿಟ್ಟರು.

“ಬೇಟಾ, ಸೋಮವಾರ ಕಲಬುರಗಿಗೆ ಹೋಗೋಣು, ಕಿವಿ ಡಾಕ್ಟರ ಬಲ್ಲಿ. ಮಂಗಳವಾರ ಗ್ರೌಂಡಿಗಿ ಬಾ. ಆ ಕೊನೀ ಚೆಂಡು ಹೆಂಗ ಎತ್ತಬೇಕಾಗಿತ್ತು, ತೋರಸ್ತೀನಿ.”

“ಮೂಲಿಯೊಳಗ ನಿಂದರಾಕ ಫೌಜಿ ಯಾಕ ಬೇಕ್ರಿ ಸರ?”

“ಫೌಜಿ ಬ್ಯಾಡ. ನನಗ ಸಂಜು ಬೇಕು,” ಎಂದು ಸರ್ ಗದರಿದಂತೆ ಹೇಳಿ, ಹುಡುಗರನ್ನು ಟೆಂಪೋ ಹತ್ತಿಸಲು ಹೋದರು.

ಸಂಜು ಟೆಂಪೋ ಹತ್ತಲಿಲ್ಲ. ದೋರನಹಳ್ಳಿಯ ಕಡೆ ಹೋಗುವ ಟಂಟಂ ಆಟೋ ಹಿಡಿದ. ಕಾಲುವೆಯ ಸೇತುವೆಯ ಹತ್ತಿರ ಇಳಿದು, ಕೊಯ್ದ ಭತ್ತದ ಕೂಳೆ ತುಳಿಯುತ್ತ ನಡೆದ. ಹೊತ್ತು ಗುಡ್ಡದ ಮೇಲೆ ಕೂತಿತ್ತು. ದೂರದ ಗದ್ದೆಯಲ್ಲಿ ಹಿಂಡು ಬೂದು ಮೋಡದ ಹಾಗೆ ಹರಡಿತ್ತು. ಬದುವಿನ ಮೇಲೆ ಮಾನಪ್ಪ ಬೆನ್ನು ಮಾಡಿ ಕುಳಿತು, ಹೊಸದಾಗಿ ಹುಟ್ಟಿದ ಮರಿಯೊಂದರ ಬಾಯನ್ನು ತಾಯಿಯ ಕೆಚ್ಚಲಿಗೆ ಹಚ್ಚುತ್ತಿದ್ದ. ಮಗ ಬಂದದ್ದು ತಿಳಿದರೂ ತಿಳಿಯದ ಹಾಗೆ ಇದ್ದ.

ಸಂಜು ಅವನ ಬಲಕ್ಕೆ ಕುಳಿತ. ಅಪ್ಪ ಸತ್ತ ಕಿವಿಯ ಕಡೆಗೆ ಉಳಿದ. ಕುಳಿತ ಮೇಲೆ ತಪ್ಪು ತಿಳಿಯಿತು, ಆದರೆ ಎದ್ದು ಜಾಗ ಬದಲಿಸಲು ಸಂಕೋಚವಾಯಿತು. ಮಾನಪ್ಪ ಮರಿಯ ಕಡೆಗೆ ತಲೆ ಬಾಗಿಸಿಕೊಂಡೇ ತುಟಿ ಅಲ್ಲಾಡಿಸಿದ. ಏನೆಂದನೋ.

“ಯಪ್ಪಾ,” ಎಂದ ಸಂಜು. “ನೀ ಕರದಿದ್ದು ಯಾವ ಕಡಿಯಿಂದ ಅಂತ ನನಗ ತಿಳೀಲಿಲ್ಲ. ಈ ಕಿವಿ ಹೋಗ್ಯಾದ. ಅಲ್ಲೇ, ಬಾರ್ಡರಿನ್ಯಾಗ. ಈ ಕಡಿಯಿಂದ ಕರದ್ರ ಆ ಕಡಿಯಿಂದ ಕರದಂಗ ಆಗ್ತದ. ಅದಕ್ಕ ಆ ಕಡಿ ನೋಡ್ದೆ. ನಿನ್ನ ನೋಡಿ ಅಲ್ಲ.”

ಮಾನಪ್ಪನ ಕೈ ನಿಂತಿತು. ಮರಿ ಕೆಚ್ಚಲು ಬಿಟ್ಟು ಅರಚಿತು.

“ಅವ್ವಾಗೂ ಹೇಳಿಲ್ಲ,” ಎಂದ ಸಂಜು. “ಯಾರಿಗೂ ಹೇಳಿರಲಿಲ್ಲ. ಇವತ್ತು ಹೇಳ್ದೆ. ಆಟದಾಗ ನನ್ನ ಜಾಗ ಹೋತು.”

ಮಾನಪ್ಪ ಮಗನ ಕಡೆಗೆ ತಿರುಗಿದ. ಅವನ ಎಡಗಿವಿಯ ಹಿಂದೆ ಹೆಬ್ಬೆಟ್ಟು ಇಟ್ಟು, ಸಣ್ಣವನಿದ್ದಾಗ ಜ್ವರ ನೋಡುತ್ತಿದ್ದ ಹಾಗೆ, ಒಂದು ಗಳಿಗೆ ಮುಟ್ಟಿದ. ಆಮೇಲೆ ಮರಿಯನ್ನು ಮಗನ ತೊಡೆಯ ಮೇಲೆ ಹಾಕಿದ. ಮೊಣಕಾಲಿಗೆ ಕೈ ಕೊಟ್ಟು ಎದ್ದ. ಕಂಬಳಿ ಎಳೆದುಕೊಂಡು ಮಗನನ್ನು ಬಳಸಿ, ಆಚೆ ಬದಿಗೆ ಹೋಗಿ, ಬಲಗಡೆಗೆ ಕುಳಿತ.

“ಈಗ ಕೇಳ್ತದೇನು?”

“ಕೇಳ್ತದ ಯಪ್ಪಾ.”

“ದೊಡ್ಡ ಮಾತೇನಲ್ಲ,” ಎಂದ ಮಾನಪ್ಪ. ಅವನ ದನಿ ಕಾಲುವೆ ದಾಟುವ ದನಿಯಾಗಿರಲಿಲ್ಲ. “ಮುಂಜಾನಿಂದ ಏನರೆ ತಿಂದೀಯೋ ಇಲ್ಲೋ ಅಂತ ಕೇಳಾಕ ಕರದಿದ್ದೆ. ಬುತ್ತಿ ತಂದಿದ್ದೆ.”

ಬದುವಿನ ಮೇಲೆ, ಬಿಳಿ ಬಟ್ಟೆಯಲ್ಲಿ ಕಟ್ಟಿದ ರೊಟ್ಟಿಯ ಗಂಟು ಬಿಚ್ಚದೆ ಹಾಗೆಯೇ ಇತ್ತು. ಸಂಜು ಅದನ್ನು ಬಿಚ್ಚಿದ.